ಅರ್ಧ ಗಂಟೆ ಬೆಚ್ಚಗಿಟ್ಟ ಯೀಸ್ಟ್ 50 ಡಿಗ್ರಿಯನ್ನು ತಾಳಿಕೊಂಡಿತು: ಬಿಸಿಯಾಯಿತೆಂದು ಕೋಶಕ್ಕೆ ತಿಳಿಯುವುದು ಹೇಗೆ?

ಪ್ರಶ್ನೆ: ಪಿಯು ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪಠ್ಯದಲ್ಲಿಲ್ಲದ ಒಂದು ಪ್ರಯೋಗವನ್ನಾದರೂ ಮಕ್ಕಳಿಂದ ಪ್ರತಿವರ್ಷ ಮಾಡಿಸುವ ರೂಢಿ ಇಟ್ಟುಕೊಂಡಿದ್ದೇನೆ. ಈ ವರ್ಷದ ಪ್ರಯೋಗ ಚೆನ್ನಾಗಿಯೇ ನಡೆಯಿತು. ಆದರೆ ಅದರ ಬೆನ್ನಿಗೇ ಬಂದ ಪ್ರಶ್ನೆಗಳಿಗೆ ನನ್ನಿಂದ ಸಮಾಧಾನಕರವಾದ ಉತ್ತರ ಕೊಡಲಾಗಲಿಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಬೇಕರಿಯ ಯೀಸ್ಟನ್ನು ರಾತ್ರಿಯಿಡೀ ಸಕ್ಕರೆಯ ಪೋಷಕ ದ್ರಾವಣದಲ್ಲಿ ಬೆಳೆಸಿ, ಬೆಳಿಗ್ಗೆ ಅದರಿಂದ ಕೆಲವು ಹನಿಗಳನ್ನು ಹೊಸ ದ್ರಾವಣಕ್ಕೆ ಹಾಕಿ, ಮತ್ತೆ ನಾಲ್ಕು ಗಂಟೆ 25 ಡಿಗ್ರಿಯಲ್ಲಿ ಬೆಳೆಯಲು ಬಿಟ್ಟೆವು. ಆಮೇಲೆ ಅದನ್ನು ಮೂರು ಪ್ರನಾಳಗಳಿಗೆ ಹಂಚಿದೆವು. ಮೊದಲನೆಯದನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಅಲ್ಲಿಂದ 50 ಡಿಗ್ರಿಗೆ ಹತ್ತು ನಿಮಿಷ ಸಾಗಿಸಿದೆವು. ಎರಡನೆಯದನ್ನು 25 ಡಿಗ್ರಿಯಿಂದ ನೇರವಾಗಿ 50 ಡಿಗ್ರಿಗೆ ಅಷ್ಟೇ ಹೊತ್ತು ಇಟ್ಟೆವು. ಮೂರನೆಯದನ್ನು 37 ಡಿಗ್ರಿಯಲ್ಲಿ ಮಾತ್ರ ಇಟ್ಟು ತೆಗೆದೆವು. ಬಳಿಕ ಪ್ರತಿಯೊಂದರಿಂದಲೂ ಒಂದು ಹನಿಯನ್ನು ಮೆಥಿಲೀನ್ ಬ್ಲೂ ಬಣ್ಣದೊಂದಿಗೆ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಬದುಕಿರುವ ಕೋಶ ಆ ಬಣ್ಣವನ್ನು ಅಪಕರ್ಷಿಸಿ ನಿರ್ವರ್ಣವಾಗಿ ಕಾಣುತ್ತದೆ, ಸತ್ತ ಕೋಶ ನೀಲಿಯಾಗಿಯೇ ಉಳಿಯುತ್ತದೆ ಎಂಬುದು ನಿಮಗೆ ಗೊತ್ತಿದೆ. ನೇರವಾಗಿ ಬಿಸಿಗೆ ಹೋದ ಪ್ರನಾಳದಲ್ಲಿ ಹೆಚ್ಚುಕಡಿಮೆ ಎಲ್ಲವೂ ನೀಲಿ. ಮೊದಲು ಬೆಚ್ಚಗಿದ್ದು ಆಮೇಲೆ ಬಿಸಿಗೆ ಹೋದದ್ದರಲ್ಲಿ ಬಹುಪಾಲು ಕೋಶಗಳು ತಿಳಿಯಾಗಿದ್ದವು, ಕೆಲವಂತೂ ಮೊಗ್ಗಿನ ಸಮೇತ. ಮಕ್ಕಳು ಸರದಿ ನಿಂತು ಎರಡೆರಡು ಬಾರಿ ನೋಡಿದರು.

ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಮಿಸ್, 37 ಡಿಗ್ರಿಯಲ್ಲಿ ಸೊರಗಿದವೆಲ್ಲ ಸತ್ತು, ಗಟ್ಟಿಮುಟ್ಟಾದವಷ್ಟೇ ಉಳಿದಿರಬಹುದಲ್ಲವೇ? ಹಾಗಿದ್ದರೆ ಯೀಸ್ಟ್ ಬದಲಾಗಲೇ ಇಲ್ಲ, ನಾವು ಆರಿಸಿಕೊಂಡೆವು ಅಷ್ಟೇ.” ಮೂರನೆಯ ಪ್ರನಾಳದಲ್ಲಿ ನೀಲಿ ಕೋಶಗಳೇ ಇರಲಿಲ್ಲವಲ್ಲ ಎಂದು ತೋರಿಸಿದೆ. ಅವಳು ಒಪ್ಪಿದಳು, ಆದರೆ ಇನ್ನೊಂದನ್ನು ಕೇಳಿದಳು. ಚರ್ಮವಿಲ್ಲದ, ನರವಿಲ್ಲದ ಒಂದು ಕೋಶಕ್ಕೆ ಬಿಸಿಯಾಯಿತೆಂದು ತಿಳಿಯುವುದಾದರೂ ಹೇಗೆ? ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನದೇ ಇನ್ನೊಂದು ಗೊಂದಲವೂ ಇದೆ. ಹೋದ ವರ್ಷ ಪೊಟ್ಟಣದ ಒಣ ಯೀಸ್ಟನ್ನು ನೀರಿಗೆ ಹಾಕಿ ನೇರವಾಗಿ ಇದೇ ಪ್ರಯೋಗ ಮಾಡಿದಾಗ ಎರಡೂ ಪ್ರನಾಳಗಳಲ್ಲಿ ಕೋಶಗಳು ಬದುಕುಳಿದಿದ್ದವು. ಆಗ ನೀರಿನ ಉಷ್ಣತೆಯನ್ನು ತಪ್ಪಾಗಿ ಅಳೆದಿರಬೇಕೆಂದು ಕೈಬಿಟ್ಟಿದ್ದೆ.

ಉತ್ತರ 1: ಪ್ರೋಟೀನ್ ಸಂಶೋಧಕ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಮೊದಲ ಸಂಶಯ ತುಂಬ ಬೆಲೆಯುಳ್ಳದ್ದು. ಈ ವಿಷಯದಲ್ಲಿ ಯಾವ ಪ್ರಯೋಗ ಮಾಡಿದರೂ ಮೊದಲು ಅದನ್ನೇ ಬಗೆಹರಿಸಿಕೊಳ್ಳಬೇಕಾಗುತ್ತದೆ. ಯೀಸ್ಟ್ ಕೋಶವೊಂದು ಎಲ್ಲ ಅನುಕೂಲವೂ ಇರುವಾಗ ಎರಡಾಗಲು ಸುಮಾರು 90 ನಿಮಿಷ ತೆಗೆದುಕೊಳ್ಳುತ್ತದೆ. ನೀವು ಕೊಟ್ಟಿದ್ದು 30 ನಿಮಿಷ. ಅಷ್ಟರೊಳಗೆ ಬೆರಳೆಣಿಕೆಯ ಗಟ್ಟಿ ಕೋಶಗಳು ಸಂತಾನ ಬೆಳೆಸಿ ಪ್ರನಾಳವನ್ನು ತುಂಬುವಂತಿಲ್ಲ. 37 ಡಿಗ್ರಿಯಲ್ಲಿ ಸತ್ತವೂ ಇಲ್ಲ. ಸಾವೂ ಇಲ್ಲ, ಹುಟ್ಟೂ ಇಲ್ಲ ಎಂದಮೇಲೆ ಆಯ್ಕೆಗೆ ಎಡೆಯಿಲ್ಲ. ಇದ್ದ ಕೋಶಗಳೇ ಅರ್ಧ ಗಂಟೆಯಲ್ಲಿ ಬದಲಾದವು.

ಈ ಬದಲಾವಣೆಯನ್ನು ಮೊದಲು ಕಂಡದ್ದು ಯೀಸ್ಟಿನಲ್ಲಿ ಅಲ್ಲ, ಹಣ್ಣಿನ ನೊಣದಲ್ಲಿ. ಇಟಲಿಯ ಫೆರುಚ್ಚಿಯೊ ರಿಟೊಸ್ಸಾ ಅವರು ನೊಣದ ಮರಿಹುಳದ ಲಾಲಾಗ್ರಂಥಿಯ ದೈತ್ಯ ವರ್ಣತಂತುಗಳನ್ನು ನೋಡುತ್ತಿದ್ದಾಗ, ಯಾರೋ ಇನ್ಕ್ಯುಬೇಟರಿನ ಉಷ್ಣತೆಯನ್ನು ಏರಿಸಿಬಿಟ್ಟಿದ್ದರಿಂದ, ಎಂದೂ ಕಾಣದ ಜಾಗಗಳಲ್ಲಿ ವರ್ಣತಂತು ಉಬ್ಬಿಕೊಂಡದ್ದು ಅವರ ಕಣ್ಣಿಗೆ ಬಿತ್ತು. ಉಬ್ಬಿದ ಜಾಗವೆಂದರೆ ವಂಶವಾಹಿ ಕೆಲಸಕ್ಕಿಳಿದ ಜಾಗ. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ವಂಶವಾಹಿಗಳಿಂದ ತಯಾರಾಗುವ ಪ್ರೋಟೀನ್‌ಗಳನ್ನು ಗುರುತಿಸಿದ್ದು 1974ರಲ್ಲಿ, ಆಲ್ಫ್ರೆಡ್ ಟಿಸಿಯೆರ್ ಮತ್ತು ಅವರ ಜತೆಯವರು. ಉಷ್ಣಾಘಾತ ಪ್ರೋಟೀನ್ ಎಂಬ ಹೆಸರು ಅಲ್ಲಿಂದ ಬಂತು. ಆಮೇಲೆ ಹುಡುಕುತ್ತಾ ಹೋದಂತೆ ಬ್ಯಾಕ್ಟೀರಿಯಾದಲ್ಲಿ, ಯೀಸ್ಟಿನಲ್ಲಿ, ಭತ್ತದಲ್ಲಿ, ಮನುಷ್ಯನಲ್ಲಿ, ಎಲ್ಲೆಲ್ಲೂ ಅವುಗಳ ಬಂಧುಗಳೇ ಸಿಕ್ಕಿದವು.

ಈಗ ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಅತ್ಯಂತ ಸ್ಪಷ್ಟವಾಗಿ ಸಿಕ್ಕಿರುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ. ಆದ್ದರಿಂದ ಅದನ್ನೇ ಹೇಳುತ್ತೇನೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಆ ಸರ ಸರಿಯಾದ ರೀತಿಯಲ್ಲಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಬಿಸಿ ಹೆಚ್ಚಾದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ, ಒಳಗೆ ಅಡಗಿದ್ದ ಎಣ್ಣೆಗುಣದ ಭಾಗಗಳು ಹೊರಬಂದು ಅಕ್ಕಪಕ್ಕದ ಪ್ರೋಟೀನ್‌ಗೆ ಅಂಟಿಕೊಳ್ಳುತ್ತವೆ. ಮೊಟ್ಟೆ ಬೇಯಿಸಿದಾಗ ಬಿಳಿಭಾಗ ಗಟ್ಟಿಯಾಗುವುದು ಹೀಗೆಯೇ. ಹಾಗೆ ಅಂಟಿಕೊಳ್ಳದಂತೆ ಹಿಡಿದು, ಮತ್ತೆ ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್‌ಗಳಿಗೆ ಚಾಪರೋನ್ ಎನ್ನುತ್ತಾರೆ. ಇ. ಕೋಲೈಯಲ್ಲಿ ಡಿಎನ್‌ಎಕೆ ಎಂಬುದು ಇವುಗಳಲ್ಲಿ ಪ್ರಮುಖವಾದುದು. ಉಷ್ಣಾಘಾತ ಪ್ರೋಟೀನ್‌ಗಳ ಪಟ್ಟಿಯಲ್ಲಿ ಹೆಚ್ಚಿನವು ಒಂದೋ ಇಂಥ ಚಾಪರೋನ್‌ಗಳು, ಇಲ್ಲವೇ ಕೆಟ್ಟುಹೋದ ಪ್ರೋಟೀನನ್ನು ಕತ್ತರಿಸಿ ಹಾಕುವ ಕಿಣ್ವಗಳು.

ಇವುಗಳ ವಂಶವಾಹಿಗಳನ್ನು ಓದಿಸುವ ಮೇಸ್ತ್ರಿಯ ಹೆಸರು ಸಿಗ್ಮಾ-32. ಈ ಮೇಸ್ತ್ರಿ ಸದಾ ತಯಾರಾಗುತ್ತಲೇ ಇರುತ್ತದೆ. ಆದರೆ 30 ಡಿಗ್ರಿಯಲ್ಲಿ ಬಿಡುವಾಗಿರುವ ಡಿಎನ್‌ಎಕೆ ಅದನ್ನು ಹಿಡಿದುಕೊಂಡು ಕೆಲಸಕ್ಕೆ ಹೋಗದಂತೆ ತಡೆಯುತ್ತದೆ, ಪೊರೆಯಲ್ಲಿರುವ ಎಫ್‌ಟಿಎಸ್‌ಎಚ್ ಎಂಬ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧ ಇಲ್ಲವಾಗಲು ಬೇಕಾದ ಸಮಯ, ಆಗ ಸುಮಾರು ಒಂದೇ ನಿಮಿಷ. ಉಷ್ಣತೆ 42 ಡಿಗ್ರಿಗೆ ಏರಿದ ಕೂಡಲೇ ಎಲ್ಲೆಡೆ ಪ್ರೋಟೀನ್‌ಗಳ ಮಡಿಕೆ ಬಿಚ್ಚತೊಡಗುತ್ತದೆ. ಡಿಎನ್‌ಎಕೆ ಅಣುಗಳೆಲ್ಲ ಅವುಗಳನ್ನು ಹಿಡಿಯಲು ಧಾವಿಸುತ್ತವೆ. ಸಿಗ್ಮಾ-32 ಅನ್ನು ಹಿಡಿದಿಡಲು ಯಾರೂ ಉಳಿಯುವುದಿಲ್ಲ. ಐದು ನಿಮಿಷದೊಳಗೆ ಅದರ ಪ್ರಮಾಣ ಹದಿನೈದು ಪಟ್ಟಿಗೂ ಮಿಕ್ಕಿ ಏರುತ್ತದೆ. ಅದು ಹೊಸ ಚಾಪರೋನ್‌ಗಳನ್ನು ಮಾಡಿಸುತ್ತದೆ, ಅವು ಸಾಕಷ್ಟಾಗಿ ಮತ್ತೆ ಬಿಡುವಾದಾಗ ಸಿಗ್ಮಾ-32 ಅನ್ನೇ ಹಿಡಿದು ಇಳಿಸುತ್ತವೆ. ಉಷ್ಣತೆ 42ರಲ್ಲೇ ಇದ್ದರೂ ಅರ್ಧ ಗಂಟೆಯೊಳಗೆ ಗದ್ದಲ ತಗ್ಗಿ, ಮೊದಲಿಗಿಂತ ತುಸು ಮೇಲಿನ ಮಟ್ಟದಲ್ಲಿ ನಿಲ್ಲುತ್ತದೆ.

ಸುಗ್ಗಿ ಬಂದಿದೆಯೇ ಎಂದು ತಿಳಿಯಲು ಪಂಚಾಂಗ ನೋಡಬೇಕಿಲ್ಲ, ಹಗಲು ಹೊತ್ತು ಅರಳಿಕಟ್ಟೆ ಬರಿದಾಗಿದೆಯೇ ಎಂದು ನೋಡಿದರೆ ಸಾಕು. ಕೋಶವೂ ಹಾಗೆಯೇ ಮಾಡುತ್ತದೆ. ಅದು ಬಿಸಿಯನ್ನು ಅಳೆಯುವುದಿಲ್ಲ. ತನ್ನ ಆಳುಗಳಲ್ಲಿ ಎಷ್ಟು ಮಂದಿ ಕೆಲಸವಿಲ್ಲದೆ ಕುಳಿತಿದ್ದಾರೆ ಎಂಬುದರಿಂದ ಅದಕ್ಕೆ ಎಲ್ಲವೂ ತಿಳಿಯುತ್ತದೆ.

ಇದು ಬರೀ ಅಂದವಾದ ಊಹೆಯಲ್ಲ. ಉಷ್ಣತೆಯನ್ನು ಮುಟ್ಟದೆ ದ್ರಾವಣಕ್ಕೆ ಆಲ್ಕೋಹಾಲ್ ಸೇರಿಸಿದರೂ ಇ. ಕೋಲೈ ಇದೇ ಪ್ರೋಟೀನ್‌ಗಳನ್ನು ಮಾಡುತ್ತದೆ, ಏಕೆಂದರೆ ಆಲ್ಕೋಹಾಲ್ ಸಹ ಪ್ರೋಟೀನ್ ಮಡಿಕೆಯನ್ನು ಕೆಡಿಸುತ್ತದೆ. ವಿಕೃತ ಪ್ರೋಟೀನ್‌ಗಳನ್ನು ಕೋಶವೇ ಉತ್ಪಾದಿಸುವಂತೆ ಮಾಡಿದರೆ ಸಾಧಾರಣ ಉಷ್ಣತೆಯಲ್ಲೂ ಈ ವಂಶವಾಹಿಗಳು ಎಚ್ಚೆತ್ತುಕೊಳ್ಳುತ್ತವೆ ಎಂದು 1985ರಲ್ಲಿ ತೋರಿಸಿದರು. ಮರುವರ್ಷ ಕಪ್ಪೆಯ ಅಂಡಕೋಶಗಳಿಗೆ, ಮಡಿಕೆ ಕೆಡಿಸಿದ ಪ್ರೋಟೀನನ್ನು ಸೂಜಿಯಿಂದ ಚುಚ್ಚಿದಾಗಲೂ ಹಾಗೆಯೇ ಆಯಿತು. ಅದೇ ಪ್ರೋಟೀನನ್ನು ಕೆಡಿಸದೆ ಚುಚ್ಚಿದಾಗ ಆಗಲಿಲ್ಲ. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಅದು. ಬಿಸಿಯೇ ಇಲ್ಲದ ಕಡೆ ಬಿಸಿಯ ಉತ್ತರ ಬಂತೆಂದರೆ, ಪ್ರಶ್ನೆ ಬಿಸಿಯದಾಗಿರಲಿಲ್ಲ ಎಂದಾಯಿತು.

ಯೀಸ್ಟಿನಲ್ಲಿ ಸಿಗ್ಮಾ-32 ಇಲ್ಲ, ಎಚ್‌ಎಸ್‌ಎಫ್1 ಎಂಬ ಬೇರೆ ಮೇಸ್ತ್ರಿಯಿದೆ. ಆದರೆ ಅದನ್ನೂ ಒಂದು ಚಾಪರೋನ್ ಹಿಡಿದಿಟ್ಟಿರುತ್ತದೆ, ಬೇರೆ ಕೆಲಸ ಬಂದಾಗ ಬಿಡುತ್ತದೆ. ನಿಮ್ಮ ಯೀಸ್ಟನ್ನು 50 ಡಿಗ್ರಿಯಲ್ಲಿ ಉಳಿಸಿದ್ದು ಮುಖ್ಯವಾಗಿ ಎರಡು. ಒಂದು, ಎಚ್‌ಎಸ್‌ಪಿ104 ಎಂಬ ಪ್ರೋಟೀನ್. ಆಗಲೇ ಗಂಟುಕಟ್ಟಿಕೊಂಡಿರುವ ಪ್ರೋಟೀನ್ ರಾಶಿಯಿಂದ ಒಂದೊಂದೇ ಎಳೆಯನ್ನು ಬಿಡಿಸಿ ಎಳೆಯುವುದು ಅದರ ಕೆಲಸ. ಅದರ ವಂಶವಾಹಿಯನ್ನು ತೆಗೆದುಹಾಕಿದ ಯೀಸ್ಟ್‌ಗೆ ಮುಂಚಿತವಾಗಿ ಬೆಚ್ಚಗಿಟ್ಟರೂ ಪ್ರಯೋಜನವಾಗುವುದಿಲ್ಲ ಎಂದು 1990ರಲ್ಲಿ ಸೂಸನ್ ಲಿಂಡ್‌ಕ್ವಿಸ್ಟ್ ಅವರ ಪ್ರಯೋಗಾಲಯ ತೋರಿಸಿತು. ಇನ್ನೊಂದು ಟ್ರೆಹಲೋಸ್ ಎಂಬ ಸಕ್ಕರೆ. ಇದು ಪ್ರೋಟೀನ್ ಮತ್ತು ಪೊರೆಗಳು ಕೆಡದಂತೆ ಕಾಯುತ್ತದೆ.

ಹೋದ ವರ್ಷದ ನಿಮ್ಮ ಗೊಂದಲಕ್ಕೆ ಉತ್ತರ ಇಲ್ಲೇ ಇದೆ. ಉಷ್ಣತೆಯ ಅಳತೆ ಸರಿಯಾಗಿಯೇ ಇದ್ದಿರಬೇಕು. ಒಣ ಯೀಸ್ಟ್ ತಯಾರಿಸುವವರು ಒಣಗಿಸುವ ಮುಂಚೆ ಅದಕ್ಕೆ ಆಹಾರ ಕಡಿಮೆ ಮಾಡಿ, ಟ್ರೆಹಲೋಸ್ ತುಂಬಿಕೊಳ್ಳುವಂತೆ ಮಾಡುತ್ತಾರೆ. ಇಲ್ಲದಿದ್ದರೆ ಅದು ಒಣಗುವಾಗಲೇ ಸಾಯುತ್ತದೆ. ಅಂದರೆ ನೀವು ಪೊಟ್ಟಣದಿಂದ ತೆಗೆದ ಯೀಸ್ಟ್ ಮೊದಲೇ ಕಷ್ಟಕ್ಕೆ ಸಿದ್ಧವಾಗಿತ್ತು. ಈ ವರ್ಷ ನಾಲ್ಕು ಗಂಟೆ ಹೊಸ ಸಕ್ಕರೆಯಲ್ಲಿ ಬೆಳೆಸಿದಾಗ ಆ ಸಿದ್ಧತೆಯನ್ನು ಅದು ಕರಗಿಸಿಬಿಟ್ಟಿತ್ತು.

ಉತ್ತರ 2: ಆರ್‌ಎನ್‌ಎ ಅಭ್ಯಾಸಿ

ಮೇಲಿನ ಉತ್ತರದಲ್ಲಿ ಒಂದು ಮಾತನ್ನು ತಿದ್ದಬೇಕೆನಿಸುತ್ತದೆ. ಕೋಶ ಬಿಸಿಯನ್ನು ಅಳೆಯುವುದೇ ಇಲ್ಲ ಎಂದಿದ್ದಾರೆ. ಅರಳಿಕಟ್ಟೆಯ ಹೋಲಿಕೆ ನನಗೂ ಹಿಡಿಸಿತು, ಆದರೆ ಅದೇ ಇ. ಕೋಲೈಯ ಮನೆಯಲ್ಲಿ ಪಂಚಾಂಗವೂ ಇದೆ.

ಸಿಗ್ಮಾ-32ರ ಸಂದೇಶವಾಹಕ ಆರ್‌ಎನ್‌ಎ (ಅದನ್ನು ತಯಾರಿಸಲು ವಂಶವಾಹಿಯಿಂದ ಬರೆದುಕೊಂಡ ನಕಲು) ತಣ್ಣಗಿರುವಾಗ ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿಗಟ್ಟಿರುತ್ತದೆ. ಆ ನಕಲನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಬಂದು ಕೂರಬೇಕಾದ ಜಾಗ ಆ ಮಡಿಕೆಯೊಳಗೆ ಮುಚ್ಚಿಹೋಗಿರುತ್ತದೆ. ಉಷ್ಣತೆ ಏರಿದಾಗ ಆ ಜೋಡಿಗಳು ಬಿಚ್ಚಿಕೊಳ್ಳುತ್ತವೆ, ಜಾಗ ತೆರೆದುಕೊಳ್ಳುತ್ತದೆ, ಅದೇ ಸಂದೇಶದಿಂದ ಹೆಚ್ಚು ಪ್ರೋಟೀನ್ ತಯಾರಾಗುತ್ತದೆ. ಇದಕ್ಕೆ ಬೇರೆ ಯಾವ ಪ್ರೋಟೀನಿನ ನೆರವೂ ಬೇಕಿಲ್ಲವೆಂದು 1999ರಲ್ಲಿ ಜಪಾನಿನ ಸಂಶೋಧಕರು ಪ್ರನಾಳದಲ್ಲೇ ತೋರಿಸಿದರು. ಇದು ನಿಜವಾದ ಥರ್ಮಾಮೀಟರ್. ಇನ್ನೂ ಯಾವ ಪ್ರೋಟೀನೂ ಕೆಡದಿದ್ದರೂ ಇದು ಕೆಲಸ ಮಾಡುತ್ತದೆ.

ಲಿಸ್ಟೀರಿಯಾ ಎಂಬ ರೋಗಾಣುವಿನಲ್ಲಿ ಇದರ ಉಪಯೋಗ ಇನ್ನೂ ಬೆರಗು ಹುಟ್ಟಿಸುವಂಥದ್ದು. ಅದು ಮಣ್ಣಿನಲ್ಲೂ ಬದುಕುತ್ತದೆ, ಫ್ರಿಜ್ಜಿನಲ್ಲಿಟ್ಟ ಆಹಾರದಲ್ಲೂ ಬೆಳೆಯುತ್ತದೆ, ಮನುಷ್ಯನ ಕೋಶದೊಳಕ್ಕೂ ನುಗ್ಗುತ್ತದೆ. ನುಗ್ಗಲು ಬೇಕಾದ ಸಲಕರಣೆಗಳನ್ನು ಮಾಡಿಸುವ ಪಿಆರ್‌ಎಫ್‌ಎ ಎಂಬ ಮೇಸ್ತ್ರಿಯ ಆರ್‌ಎನ್‌ಎ 30 ಡಿಗ್ರಿಗಿಂತ ಕೆಳಗೆ ಮುಚ್ಚಿಕೊಂಡಿರುತ್ತದೆ, 37 ಡಿಗ್ರಿಯಲ್ಲಿ ತೆರೆದುಕೊಳ್ಳುತ್ತದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪ್ಯಾಸ್ಕಲ್ ಕೋಸಾರ್ ಅವರ ತಂಡ ಇದನ್ನು 2002ರಲ್ಲಿ ವರದಿ ಮಾಡಿತು. 37 ಡಿಗ್ರಿ ಲಿಸ್ಟೀರಿಯಾಕ್ಕೆ ಒತ್ತಡವೇ ಅಲ್ಲ. ಈಗ ನಾನೊಂದು ಬಿಸಿರಕ್ತದ ಪ್ರಾಣಿಯೊಳಗಿದ್ದೇನೆ ಎಂಬುದರ ಗುರುತು.

ಚಳಿಯನ್ನು ತಿಳಿಯುವ ಬಗೆಯೂ ಬೇರೆ. ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಕೋಶದ ಪೊರೆಯೂ ಕೊಬ್ಬಿನದೇ ಆದ್ದರಿಂದ ಚಳಿಯಲ್ಲಿ ಬಿಗಿದು ದಪ್ಪವಾಗುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಪೊರೆಯಲ್ಲಿ ಹುದುಗಿರುವ ಡಿಇಎಸ್‌ಕೆ ಎಂಬ ಪ್ರೋಟೀನ್ ಈ ದಪ್ಪವಾಗುವಿಕೆಯನ್ನೇ ಗ್ರಹಿಸಿ, ಕೊಬ್ಬಿನ ಸರಗಳಲ್ಲಿ ಬಾಗು ಮೂಡಿಸುವ ಕಿಣ್ವವನ್ನು ಮಾಡಿಸುತ್ತದೆ. ಬಾಗಿದ ಸರಗಳು ಒತ್ತಾಗಿ ಕೂರಲಾರವು. ಪೊರೆ ಮತ್ತೆ ಸಡಿಲವಾಗುತ್ತದೆ. ಅರ್ಜೆಂಟೀನಾದ ರೊಸಾರಿಯೊದಲ್ಲಿ ದಿಯೆಗೊ ದೆ ಮೆಂಡೋಜಾ ಅವರ ತಂಡ ಇದನ್ನು ಬಿಡಿಸಿತು.

ಉತ್ತರ 1ರವರ ಪ್ರತಿಕ್ರಿಯೆ

ತಿದ್ದುಪಡಿಯನ್ನು ಒಪ್ಪುತ್ತೇನೆ. ಆರ್‌ಎನ್‌ಎ ತೆರೆದುಕೊಳ್ಳುವುದು ಮೊದಲ ಕೆಲವು ನಿಮಿಷಗಳ ಏರಿಕೆಗೆ ದೊಡ್ಡ ಕಾರಣ. ಆದರೆ ಉಷ್ಣತೆ ಏರಿದಂತೆಯೇ ಇದ್ದರೂ ಸಿಗ್ಮಾ-32 ಕೆಳಗಿಳಿಯುತ್ತದಲ್ಲ, ಅದನ್ನು ಥರ್ಮಾಮೀಟರಿನಿಂದ ವಿವರಿಸಲಾಗುವುದಿಲ್ಲ. ಅಲ್ಲಿಗೆ ಆಳುಗಳ ಲೆಕ್ಕವೇ ಬೇಕು. ಎರಡನ್ನೂ ಸೇರಿಸಿ ಹೇಳಬೇಕಿತ್ತು.

ಉತ್ತರ 3: ಆಹಾರ ಸೂಕ್ಷ್ಮಜೀವಿ ತಂತ್ರಜ್ಞ

ಬಿಸಿಯ ಬಗ್ಗೆ ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ನಾನು ಉಪ್ಪಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ತರಗತಿಯಲ್ಲಿ ತೋರಿಸಲು ಅದು ಇನ್ನೂ ಸುಲಭ.

ಮಾವಿನ ಮಿಡಿಗೆ ಕಲ್ಲುಪ್ಪು ಹಾಕಿ ಭರಣಿಯಲ್ಲಿಟ್ಟರೆ ಎರಡು ದಿನದಲ್ಲಿ ಮಿಡಿ ಮುರುಟಿಕೊಂಡು ನೀರು ಬಿಡುತ್ತದೆ. ಅದೇ ಉಪ್ಪುನೀರಿಗೆ ಸಿಕ್ಕ ಬ್ಯಾಕ್ಟೀರಿಯಾದಿಂದಲೂ ನೀರು ಹೊರಗೆ ಹರಿಯುತ್ತದೆ. ಇ. ಕೋಲೈ ಅಂಥ ಹೊತ್ತಿನಲ್ಲಿ ಮೊದಲು ಮಾಡುವುದು ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಳ್ಳುವುದು. ಇದು ಕೆಲವೇ ನಿಮಿಷಗಳಲ್ಲಿ ಆಗುವ ತುರ್ತು ಕ್ರಮ. ಆದರೆ ಪೊಟ್ಯಾಸಿಯಂ ವಿಪರೀತವಾದರೆ ಕಿಣ್ವಗಳಿಗೇ ತೊಂದರೆ. ಆದ್ದರಿಂದ ನಿಧಾನವಾಗಿ ಅದರ ಜಾಗದಲ್ಲಿ ಟ್ರೆಹಲೋಸ್ ತಯಾರಿಸಿಕೊಳ್ಳುತ್ತದೆ, ಅಥವಾ ಸುತ್ತಲಿನ ಆಹಾರದಲ್ಲಿ ಗ್ಲೈಸೀನ್ ಬೀಟೇಯ್ನ್, ಪ್ರೋಲೀನ್ ಸಿಕ್ಕಿದರೆ ಅವನ್ನು ಎಳೆದುಕೊಳ್ಳುತ್ತದೆ. ಇವು ಎಷ್ಟೇ ತುಂಬಿದರೂ ಕೋಶದ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಯೀಸ್ಟನ್ನು ಬಿಸಿಯಿಂದ ಉಳಿಸಿದ ಟ್ರೆಹಲೋಸೇ ಇಲ್ಲೂ ಬಂದಿರುವುದನ್ನು ಗಮನಿಸಿ. ಒಂದು ಕಷ್ಟಕ್ಕೆ ಸಿದ್ಧವಾದ ಕೋಶ ಎಷ್ಟೋ ಸಲ ಇನ್ನೊಂದು ಕಷ್ಟವನ್ನೂ ತಾಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆಹಾರೋದ್ಯಮದಲ್ಲಿ ಇದನ್ನು ನಾವು ಯಾವಾಗಲೂ ನೆನಪಿನಲ್ಲಿಡಬೇಕಾಗುತ್ತದೆ: ಸ್ವಲ್ಪ ಉಪ್ಪು, ಸ್ವಲ್ಪ ಹುಳಿ, ಸ್ವಲ್ಪ ಬಿಸಿ ಎಂದು ಒಂದಾದ ಮೇಲೊಂದು ನಿಧಾನವಾಗಿ ಕೊಡುತ್ತಾ ಹೋದರೆ ರೋಗಾಣುವನ್ನು ಕೊಲ್ಲುವ ಬದಲು ಪಳಗಿಸಿದಂತಾಗುವ ಅಪಾಯವಿದೆ.

ಇದಕ್ಕೆ ತದ್ವಿರುದ್ಧವಾದ ಸಂಕಟವೂ ಇದೆ, ಅದು ಹೆಚ್ಚು ಅವಸರದ್ದು. ಬೇಸಗೆಯಿಡೀ ಒಣಗಿದ ಹೊಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಹೀಗೆ ಸಕ್ಕರೆ, ಲವಣಗಳನ್ನು ತುಂಬಿಕೊಂಡು ಕುಳಿತಿರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಕ್ಷಣ ಹೊರಗೆ ಬರೀ ನೀರು. ಆ ನೀರು ಒಳಕ್ಕೆ ನುಗ್ಗುವ ರಭಸಕ್ಕೆ ಕೋಶ ಒಡೆದುಹೋಗಬೇಕು. ವಂಶವಾಹಿ ಓದಿಸಿ, ಪ್ರೋಟೀನ್ ಮಾಡಿಸಿಕೊಂಡು ಕೂರಲು ಸಮಯವೇ ಇಲ್ಲ. ಅದಕ್ಕಾಗಿ ಪೊರೆಯಲ್ಲಿ ಎಂಎಸ್‌ಸಿಎಲ್, ಎಂಎಸ್‌ಸಿಎಸ್ ಎಂಬ ಕಂಡಿಗಳು ಮೊದಲೇ ಇರುತ್ತವೆ. ಪೊರೆ ಬಿಗಿಯಾಗಿ ಎಳೆದುಕೊಂಡಾಗ ಆ ಎಳೆತವೇ ಕಂಡಿಯನ್ನು ತೆರೆಯುತ್ತದೆ, ತುಂಬಿಟ್ಟದ್ದೆಲ್ಲ ಮಿಲಿಸೆಕೆಂಡುಗಳಲ್ಲಿ ಹೊರಕ್ಕೆ ಚಿಮ್ಮುತ್ತದೆ, ಒತ್ತಡ ಇಳಿಯುತ್ತದೆ. ಕೆರೆ ತುಂಬಿದಾಗ ಕೋಡಿ ಬಿದ್ದಂತೆ. ಈ ಎರಡೂ ಕಂಡಿಗಳನ್ನು ತೆಗೆದುಹಾಕಿದ ಇ. ಕೋಲೈಯನ್ನು ಉಪ್ಪುನೀರಿನಿಂದ ಸಿಹಿನೀರಿಗೆ ಹಾಕಿದರೆ ಸಾಯುತ್ತದೆಂದು 1999ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಇಯಾನ್ ಬೂತ್ ಅವರ ತಂಡ ತೋರಿಸಿತು. ಇಲ್ಲಿ ತಿಳಿಯುವುದು ಮತ್ತು ಮಾಡುವುದು ಎರಡೂ ಒಂದೇ ಅಣುವಿನಲ್ಲಿ ನಡೆಯುತ್ತವೆ.

ಅಡುಗೆಮನೆಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನೂ ಮಕ್ಕಳಿಗೆ ಹೇಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಆಹಾರ ಮುಗಿದಾಗ ಕೋಶ ತನ್ನ ವಂಶದ್ರವ್ಯವನ್ನು ದಪ್ಪನೆಯ ಕವಚಗಳೊಳಗೆ ಕಟ್ಟಿ, ಒಳಗಿನ ನೀರನ್ನು ತೆಗೆದು, ನಿದ್ರೆಗೆ ಹೋದ ರೂಪ ಅದು. ಅನ್ನ ಬೇಯುವ ಬಿಸಿ ಅದನ್ನು ಕೊಲ್ಲುವುದಿಲ್ಲ. ಬಿಸಿ ಅನ್ನವನ್ನು ಗಂಟೆಗಟ್ಟಲೆ ಒಲೆಯ ಪಕ್ಕದಲ್ಲೇ ಬಿಟ್ಟರೆ ಬೀಜಕ ಮೊಳೆತು ಬೆಳೆಯುತ್ತದೆ. ಅದರ ಕೆಲವು ತಳಿಗಳು ಬಿಡುವ, ವಾಂತಿ ಮಾಡಿಸುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿಡುವುದೇ ಸರಿ. ಪ್ರಯೋಗಾಲಯದ ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 15 ನಿಮಿಷ ಇಡುವುದು ಈ ಬೀಜಕಗಳ ದೆಸೆಯಿಂದಲೇ.

ಮತ್ತೆ ಪಿಯು ಉಪನ್ಯಾಸಕಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅರಳಿಕಟ್ಟೆಯ ಹೋಲಿಕೆಯನ್ನು ತರಗತಿಯಲ್ಲಿ ಹೇಳಿದೆ. ಹಳ್ಳಿಯಿಂದ ಬರುವ ಮಕ್ಕಳು ನಾನು ವಿವರಿಸುವ ಮುಂಚೆಯೇ ಅರ್ಥಮಾಡಿಕೊಂಡರು. ಆದರೆ ಅದೇ ವಿದ್ಯಾರ್ಥಿನಿ ಇನ್ನೊಂದು ಸಂಶಯ ತಂದಿದ್ದಾಳೆ. ಅವಳ ಅಜ್ಜನಿಗೆ ಕ್ಷಯದ ಚಿಕಿತ್ಸೆ ನಡೆಯುತ್ತಿದೆ. ಮಾತ್ರೆಯನ್ನು ನಡುವೆ ಬಿಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ವೈದ್ಯರು ಹೇಳಿದರಂತೆ. ಯೀಸ್ಟ್ ಬಿಸಿಗೆ ಒಗ್ಗಿದ್ದಕ್ಕೂ ಇದಕ್ಕೂ ಒಂದೇ ಅರ್ಥವೇ ಎಂದು ಕೇಳುತ್ತಾಳೆ.

ಉತ್ತರ 4: ವೈದ್ಯಕೀಯ ಸೂಕ್ಷ್ಮಜೀವಿ ವಿಭಾಗದವರು

ಆ ಹುಡುಗಿಯ ಅಜ್ಜ ಬೇಗ ಗುಣವಾಗಲಿ. ಅವಳು ಕೇಳಿರುವುದು ಆಸ್ಪತ್ರೆಯಲ್ಲಿ ನಾವು ದಿನವೂ ಎದುರಿಸುವ ಪ್ರಶ್ನೆ, ಮತ್ತು “ಒಗ್ಗಿಕೊಳ್ಳುವುದು” ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳನ್ನು ಮುಚ್ಚಿಬಿಡುತ್ತದೆ.

ವೈದ್ಯರು ಹೇಳಿದ್ದು ಮುಖ್ಯವಾಗಿ ವಂಶವಾಹಿಯ ಉತ್ಪರಿವರ್ತನೆಯಿಂದ ಬರುವ ಪ್ರತಿರೋಧವನ್ನು. ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲೋ ಒಂದರ ಡಿಎನ್‌ಎಯಲ್ಲಿ ಔಷಧ ತಾಗದಂಥ ತಪ್ಪಾಗಿರುತ್ತದೆ. ಚಿಕಿತ್ಸೆ ಅರೆಬರೆಯಾದಾಗ ಉಳಿದವು ಸತ್ತು ಅದು ಬೆಳೆಯುತ್ತದೆ, ಅದರ ಸಂತಾನಕ್ಕೂ ಆ ಗುಣ ಸಾಗುತ್ತದೆ. ಇದು ನಿಮ್ಮ ವಿದ್ಯಾರ್ಥಿನಿ ಮೊದಲ ದಿನ ಹೇಳಿದ ಆಯ್ಕೆಯೇ. ಯೀಸ್ಟಿನ ವಿಷಯದಲ್ಲಿ ಅವಳ ಊಹೆ ಹೊಂದಲಿಲ್ಲ, ಇಲ್ಲಿ ಹೊಂದುತ್ತದೆ.

ಆದರೆ ಯೀಸ್ಟಿನಂಥ ತಾತ್ಕಾಲಿಕ ಬದಲಾವಣೆಯೂ ಚಿಕಿತ್ಸೆಯಲ್ಲಿ ದೊಡ್ಡ ತೊಡಕು. 1944ರಲ್ಲಿ, ಪೆನಿಸಿಲಿನ್ ಇನ್ನೂ ಹೊಸದಾಗಿದ್ದಾಗ, ಡಬ್ಲಿನ್ನಿನ ಜೋಸೆಫ್ ಬಿಗರ್ ಅವರು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಕ್ಕೆ ಎಷ್ಟು ಪೆನಿಸಿಲಿನ್ ಕೊಟ್ಟರೂ ಕೆಲವೇ ಕೆಲವು ಉಳಿದುಬಿಡುವುದನ್ನು ಗಮನಿಸಿದರು. ಉಳಿದವನ್ನು ಬೆಳೆಸಿ ಮತ್ತೆ ಔಷಧ ಕೊಟ್ಟರೆ ಅವುಗಳ ಸಂತಾನ ಮೊದಲಿನಂತೆಯೇ ಸಾಯುತ್ತಿತ್ತು. ಅಂದರೆ ವಂಶವಾಹಿ ಬದಲಾಗಿರಲಿಲ್ಲ. ಅವಕ್ಕೆ ಅವರು ಪರ್ಸಿಸ್ಟರ್ ಎಂದು ಹೆಸರಿಟ್ಟರು. ಪಟ್ಟುಹಿಡಿದು ಉಳಿಯುವವು ಎನ್ನಬಹುದು. 2004ರಲ್ಲಿ ನತಾಲಿ ಬಲಬನ್ ಮತ್ತು ಜತೆಗಾರರು ಒಂದೊಂದೇ ಇ. ಕೋಲೈ ಕೋಶವನ್ನು ಸೂಕ್ಷ್ಮದರ್ಶಕದಡಿ ಹಿಂಬಾಲಿಸಿ ನೋಡಿದಾಗ, ಹಾಗೆ ಉಳಿದವು ಔಷಧ ಬೀಳುವ ಮೊದಲೇ ಬೆಳೆಯದೆ ಮಂಕಾಗಿದ್ದವು ಎಂದು ಗೊತ್ತಾಯಿತು. ಪೆನಿಸಿಲಿನ್ ಕೆಡಿಸುವುದು ಕೋಶಭಿತ್ತಿ ಕಟ್ಟುವ ಕೆಲಸವನ್ನು. ಕಟ್ಟುವ ಕೆಲಸವನ್ನೇ ನಿಲ್ಲಿಸಿದ ಕೋಶಕ್ಕೆ ಅದು ಏನೂ ಮಾಡಲಾರದು.

ಬೆಳವಣಿಗೆಯನ್ನು ಹೀಗೆ ತಡೆಯುವ ಸಂಕೇತಗಳಲ್ಲಿ ಒಂದು ಪಿಪಿಜಿಪಿಪಿ ಎಂಬ ಸಣ್ಣ ಅಣು. ಅಮೈನೋ ಆಮ್ಲ ಸಾಲದೆ ಬಂದಾಗ, ಅದನ್ನು ಹೊತ್ತು ತರಬೇಕಾದ, ಈಗ ಖಾಲಿ ಕೈಯ ಟಿಆರ್‌ಎನ್‌ಎ ರೈಬೋಸೋಮಿಗೆ ಬಂದು ಕೂರುತ್ತದೆ. ಅದನ್ನು ಗುರುತಿಸುವ ಕಿಣ್ವ ಈ ಅಣುವನ್ನು ತಯಾರಿಸುತ್ತದೆ, ಅದು ಹೊಸ ರೈಬೋಸೋಮ್ ಕಟ್ಟುವುದನ್ನು ನಿಲ್ಲಿಸುತ್ತದೆ. ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ 1969ರಲ್ಲಿ ಇದನ್ನು ವರದಿ ಮಾಡಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿಯವರ ಗುಂಪು ಕ್ಷಯಾಣುವಿನ ನಿರುಪದ್ರವಿ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಈ ಅಣುವಿನ ಮೇಲೆ ದೀರ್ಘಕಾಲ ಕೆಲಸ ಮಾಡಿದೆ.

ಕ್ಷಯಾಣುವಿನಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಶ್ವಾಸಕೋಶದ ಗಂಟುಗಳೊಳಗೆ ಆಮ್ಲಜನಕ ಕಡಿಮೆಯಾದಾಗ, ರಕ್ತದಲ್ಲಿರುವಂಥದೇ ಹೀಮ್ ಅನ್ನು ಹೊತ್ತ ಎರಡು ಸಂವೇದಕ ಪ್ರೋಟೀನ್‌ಗಳು ಅದನ್ನು ಗ್ರಹಿಸಿ, ಡಿಇವಿಆರ್ ಎಂಬ ಮೇಸ್ತ್ರಿಯನ್ನು ಎಬ್ಬಿಸುತ್ತವೆ. ಅದು ಸುಮಾರು 48 ವಂಶವಾಹಿಗಳನ್ನು ನಡೆಸಿ ರೋಗಾಣುವನ್ನು ಸುಪ್ತಸ್ಥಿತಿಗೆ ಒಗ್ಗಿಸುತ್ತದೆ. ಡಿಇವಿಆರ್‌ನ ವಂಶವಾಹಿಯನ್ನು ಗುರುತಿಸಿದವರಲ್ಲಿ ದೆಹಲಿಯ ಏಮ್ಸ್‌ನ ಜಯಾ ತ್ಯಾಗಿ ಅವರ ತಂಡ ಮೊದಲಿನದು. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳು, ಒಂದಲ್ಲ, ಹಲವು ಔಷಧಗಳನ್ನು ಕೊಡುವುದು ಈ ಎರಡೂ ಕಾರಣಗಳಿಂದ: ಹಲವು ಔಷಧಗಳು ಉತ್ಪರಿವರ್ತಿತ ರೋಗಾಣು ತಲೆಯೆತ್ತದಂತೆ, ದೀರ್ಘಕಾಲ, ಮಂಕಾಗಿ ಅಡಗಿದವು ಎದ್ದಾಗ ಸಿಗುವಂತೆ. ಅಜ್ಜನಿಗೆ ಕೆಮ್ಮು ನಿಂತಿದೆಯೆಂದು ಮಾತ್ರೆ ನಿಲ್ಲಿಸಬಾರದೆಂದು ಆಕೆಗೆ ದಯವಿಟ್ಟು ಒತ್ತಿ ಹೇಳಿ.

ಇವೆರಡೂ ಪೂರ್ತಿ ಬೇರೆಬೇರೆ ಎಂದೂ ಹೇಳುವಂತಿಲ್ಲ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಬ್ಯಾಕ್ಟೀರಿಯಾ ಎಸ್‌ಒಎಸ್ ಎಂಬ ದುರಸ್ತಿಯನ್ನು ಆರಂಭಿಸುತ್ತದೆ. ಎವೆಲಿನ್ ವಿಟ್ಕಿನ್ ಮತ್ತು ಮಿರೊಸ್ಲಾವ್ ರಾಡ್‌ಮನ್ ಅವರ ವಿಚಾರಗಳಿಂದ ರೂಪುಗೊಂಡ ವಿಷಯವಿದು. ಮೊದಲು ಕೋಶವಿಭಜನೆ ನಿಲ್ಲುತ್ತದೆ, ನಿಷ್ಠೆಯಿಂದ ದುರಸ್ತಿ ಮಾಡುವ ಪ್ರೋಟೀನ್‌ಗಳು ಬರುತ್ತವೆ. ಅವುಗಳಿಂದಾಗದಿದ್ದರೆ ಕಟ್ಟಕಡೆಗೆ, ತಪ್ಪು ಮಾಡಿಯಾದರೂ ಡಿಎನ್‌ಎ ಪ್ರತಿಯನ್ನು ಮುಂದುವರಿಸುವ ಕಿಣ್ವ ಬರುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧ ಇದೇ ಪ್ರತಿಕ್ರಿಯೆಯನ್ನು ಎಬ್ಬಿಸುತ್ತದೆ. ಹೀಗೆ ತಾತ್ಕಾಲಿಕ ಹೊಂದಾಣಿಕೆಯೊಂದು ಶಾಶ್ವತ ಬದಲಾವಣೆಗೆ ಬಾಗಿಲು ತೆರೆದುಕೊಡಬಹುದು.

ಉತ್ತರ 1ರವರು

ಮೇಡಂ, ಪಟ್ಟುಹಿಡಿದು ಉಳಿಯುವವುಗಳ ಸಂತಾನವನ್ನು ಬಿಗರ್ ಮತ್ತೆ ಪರೀಕ್ಷಿಸಿದ್ದನ್ನು ಓದಿದಾಗ ಹೊಳೆಯಿತು. ನಿಮ್ಮ ವಿದ್ಯಾರ್ಥಿನಿಯ ಮೊದಲ ಸಂಶಯವನ್ನೂ ಹಾಗೆಯೇ ಪರೀಕ್ಷಿಸಬಹುದು. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟ ಯೀಸ್ಟಿನಿಂದ ಕೆಲವು ಹನಿಗಳನ್ನು ಹೊಸ ಸಕ್ಕರೆ ದ್ರಾವಣಕ್ಕೆ ಹಾಕಿ, 25 ಡಿಗ್ರಿಯಲ್ಲಿ ಐದಾರು ಗಂಟೆ ಬೆಳೆಯಲು ಬಿಟ್ಟು, ಆಮೇಲೆ 50 ಡಿಗ್ರಿಗೆ ಒಯ್ಯಿರಿ. ಗಟ್ಟಿ ಕೋಶಗಳನ್ನು ಆರಿಸಿದ್ದೇ ಆಗಿದ್ದರೆ ಅವು ಈಗಲೂ ಗಟ್ಟಿಯಾಗಿಯೇ ಇರಬೇಕು. ಸಾಧ್ಯವಾದರೆ ಬಣ್ಣವನ್ನಷ್ಟೇ ನಂಬದೆ ಒಂದಿಷ್ಟನ್ನು ಅಗಾರ್ ತಟ್ಟೆಯ ಮೇಲೆ ಹರಡಿ. ಬಿಸಿ ತಗುಲಿದ ತಕ್ಷಣ ತಿಳಿಯಾಗಿ ಕಂಡ ಕೋಶವೂ ಆಮೇಲೆ ಬೆಳೆಯದೆ ಹೋಗಬಹುದು.

ಪಿಯು ಉಪನ್ಯಾಸಕಿ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೇ ಆರು ಮಕ್ಕಳು ಬಂದು ಶುರುಮಾಡಿದರು. ಮಧ್ಯಾಹ್ನ ಮೂರರ ಹೊತ್ತಿಗೆ 50 ಡಿಗ್ರಿಯಿಂದ ತೆಗೆದು ಬಣ್ಣ ಹಾಕಿ ನೋಡಿದೆವು: ಕಣ್ಣು ಹಾಯಿಸಿದಲ್ಲೆಲ್ಲ ನೀಲಿ. ಬೆಳಿಗ್ಗೆ ಬದುಕಿದ ಯೀಸ್ಟಿನ ಸಂತಾನವೇ ಅದು ಎಂದು ಪ್ರನಾಳದ ಚೀಟಿಯನ್ನು ಅವಳು ಎರಡು ಸಲ ಓದಿ ಖಚಿತಪಡಿಸಿಕೊಂಡಳು. ತಟ್ಟೆಗಳನ್ನು ಸೋಮವಾರ ತೆಗೆದು ನೋಡುತ್ತೇವೆ. ಐದು ಗಂಟೆಯಲ್ಲಿ ಮರೆತದ್ದು ಎರಡು ಗಂಟೆಯಲ್ಲಿ ಎಷ್ಟು ಮರೆತಿರುತ್ತದೆ ಎಂದು ಅಳೆಯಬೇಕೆಂದು ಈಗ ಹೊಸ ಪಟ್ಟಿ ಬರೆಯುತ್ತಿದ್ದಾಳೆ.